ಬಿಸಿಲಲ್ಲಿ ವೇಷ: ನೀರು ಕುಡಿದರಷ್ಟೇ ಸಾಲದು

ಇವತ್ತಿನ ಮಾತು ಇಲ್ಲೇ ಹುಟ್ಟಿ ಬೆಳೆದ ನಿಮಗಾಗಿ. ಬೇಸಿಗೆ ಬಂತೆಂದರೆ ನಿಮ್ಮಲ್ಲಿ ಎಷ್ಟೋ ಜನ ರಾಣಿಯಾಗುತ್ತೀರಿ, ಕಡಲುಗಳ್ಳರಾಗುತ್ತೀರಿ, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಯಕ್ಷಿಣಿಯರಾಗುತ್ತೀರಿ. ರೆನೆಸಾನ್ಸ್ ಫೇರ್ ಎಂಬ ಜಾತ್ರೆಗೆ ಹೋಗಲು ತಿಂಗಳುಗಟ್ಟಲೆ ಬಟ್ಟೆ ಹೊಲಿಯುತ್ತೀರಿ. ಆ ವೇಷದೊಳಗೆ ನಿಮ್ಮ ದೇಹಕ್ಕೆ ಏನಾಗುತ್ತದೆ ಎಂಬುದು ಇವತ್ತಿನ ವಿಷಯ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ನನ್ನ ಮಗಳನ್ನೂ ಅವಳ ಗೆಳತಿಯನ್ನೂ ಇಂಥ ಒಂದು ಜಾತ್ರೆಗೆ ಕರೆದುಕೊಂಡು ಹೋಗಿದ್ದೆ. ಇಬ್ಬರಿಗೂ ಆಗ ಹದಿನಾರು. ಗೆಳತಿ ಮೆರೂನ್ ಬಣ್ಣದ ವೆಲ್ವೆಟ್ ಗೌನ್ ತೊಟ್ಟಿದ್ದಳು. ಒಳಗೆ ಬಿಗಿಯಾದ ಕಾರ್ಸೆಟ್, ಅದರ ಕೆಳಗೆ ಎರಡು ಲಂಗ. ಸೆಖೆ ಜೋರಾಗಿತ್ತು. ನಾನು ಜವಾಬ್ದಾರಿಯುಳ್ಳ ಅಪ್ಪನಂತೆ ಅರ್ಧ ಗಂಟೆಗೊಮ್ಮೆ "ನೀರು ಕುಡೀರಿ, ನೀರು ಕುಡೀರಿ" ಅನ್ನುತ್ತಲೇ ಇದ್ದೆ. ಅವಳು ಕುಡಿಯುತ್ತಲೂ ಇದ್ದಳು, ಬಾಟಲಿ ಮೇಲೆ ಬಾಟಲಿ. ಮಧ್ಯಾಹ್ನ ಎರಡರ ಹೊತ್ತಿಗೆ ಅವಳ ಮಾತು ಕಮ್ಮಿಯಾಯಿತು. ಆಮೇಲೆ ತಲೆನೋವು ಅಂದಳು. ಆಮೇಲೆ ಒಂದು ಹುಲ್ಲಿನ ಪಿಂಡಿಯ ಮೇಲೆ ಕೂತವಳು ಏಳಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು. ನಾನು ಮತ್ತೊಂದು ಬಾಟಲಿ ನೀರು ಮುಂದೆ ಹಿಡಿದೆ.

ಅಗಸಗಿತ್ತಿಯ ಪಾತ್ರ ಮಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಅದನ್ನು ನೋಡಿ ಓಡಿ ಬಂದರು. ಬಾಟಲಿಯನ್ನು ಪಕ್ಕಕ್ಕೆ ಇಟ್ಟರು. "ಮಗೂ, ನಿನ್ನ ಹೆಸರೇನು? ಇವತ್ತು ಯಾವ ವಾರ?" ಎಂದು ಕೇಳಿದರು. ಅವಳು ಸರಿಯಾಗಿಯೇ ಉತ್ತರ ಕೊಟ್ಟಳು. ಆಕೆ ಅವಳನ್ನು ನೆರಳಿಗೆ ಕರೆದೊಯ್ದು, ಬೆನ್ನಿನ ದಾರಗಳನ್ನು ಸರಸರನೆ ಸಡಿಲಿಸಿ, ವೆಲ್ವೆಟ್ ಬಿಚ್ಚಿಸಿ, ಒಳಗಿದ್ದ ತೆಳು ಅಂಗಿಯ ಮೇಲೆ ತಣ್ಣೀರು ಸುರಿದರು. ನನ್ನ ಕೈಗೆ ಒಂದು ರಟ್ಟು ಕೊಟ್ಟು ಗಾಳಿ ಹಾಕಲು ಹೇಳಿದರು. ಇಪ್ಪತ್ತು ನಿಮಿಷದಲ್ಲಿ ಹುಡುಗಿಯ ಮುಖಕ್ಕೆ ಬಣ್ಣ ಬಂತು. ನಂತರ ಪ್ರಥಮ ಚಿಕಿತ್ಸೆಯ ಡೇರೆಗೆ ಕರೆದುಕೊಂಡು ಹೋದೆವು.

ಆಕೆ ಹೋಗುವಾಗ ನನಗೆ ಹೇಳಿದ್ದು ಇಷ್ಟೇ: "ನೀರು ಒಳಗೆ ಹೋಗ್ತಾ ಇತ್ತು, ಬಿಸಿ ಹೊರಗೆ ಬರ್ತಾ ಇರಲಿಲ್ಲ." ಈ ಮಾತು ಯಾಕೆ ನಿಜ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅದನ್ನೇ ಈಗ ನಿಮಗೆ ಹೇಳುತ್ತೇನೆ.

ಈ ಜಾತ್ರೆ ಎಲ್ಲಿಂದ ಬಂತು?

ನಿಮಗೆ ಗೊತ್ತೇ, ಈ ಜಾತ್ರೆಯ ಮೂಲದಲ್ಲಿ ಒಂದು ರೇಡಿಯೊ ಇದೆ. 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿ ಮೊದಲ ರೆನೆಸಾನ್ಸ್ ಪ್ಲೆಷರ್ ಫೇರ್ ನಡೆಸಿದರು. ಅದು ಕೆಪಿಎಫ್‌ಕೆ ಎಂಬ, ಕೇಳುಗರ ದೇಣಿಗೆಯಿಂದ ನಡೆಯುವ ರೇಡಿಯೊ ಕೇಂದ್ರಕ್ಕೆ ಹಣ ಕೂಡಿಸುವ ಕಾರ್ಯಕ್ರಮವಾಗಿತ್ತು. ನಮ್ಮಂಥ ಇಂಟರ್ನೆಟ್ ರೇಡಿಯೊದವರಿಗೆ ಇದು ಸಂತೋಷದ ಸಂಗತಿ! ಅಲ್ಲಿಂದ ಅಮೆರಿಕದ ಉದ್ದಗಲಕ್ಕೂ ಇದು ಹಬ್ಬಿತು. ಮಿನೆಸೋಟದ ಶಾಕೊಪೀಯಲ್ಲಿ ಆಗಸ್ಟ್ ಮಧ್ಯದಿಂದ ಜಾತ್ರೆ. ಮೇರಿಲ್ಯಾಂಡ್‌ನ ಕ್ರೌನ್ಸ್‌ವಿಲ್‌ನಲ್ಲಿ ಆಗಸ್ಟ್ ಕೊನೆಯಿಂದ ಶುರು. ಶಿಕಾಗೊ ಮತ್ತು ಮಿಲ್ವಾಕಿ ನಡುವಿನ ಕೆನೋಶಾದಲ್ಲಿ ನಡೆಯುವ ಬ್ರಿಸ್ಟಲ್ ಫೇರ್ ಜುಲೈನಿಂದ ಲೇಬರ್ ಡೇವರೆಗೆ. 1574ರಲ್ಲಿ ಒಂದನೇ ಎಲಿಜಬೆತ್ ರಾಣಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿಗೆ ಬಂದ ದಿನವನ್ನು ಅಲ್ಲಿ ಮತ್ತೆ ಆಡಿ ತೋರಿಸುತ್ತಾರೆ.

ಇಲ್ಲೇ ತೊಡಕು ಇರುವುದು. ತೊಡುವುದು ಇಂಗ್ಲೆಂಡಿನ ತಂಪು ಹವೆಯ ಬಟ್ಟೆ, ನಿಲ್ಲುವುದು ಅಮೆರಿಕದ ಜುಲೈ-ಆಗಸ್ಟ್ ಬಿಸಿಲಿನಲ್ಲಿ. ನ್ಯೂಯಾರ್ಕ್‌ನಲ್ಲಿ ಆಗಸ್ಟ್ ತಿಂಗಳ ಇಂಡಿಯಾ ಡೇ ಪೆರೇಡ್‌ನಲ್ಲಿ ರೇಷ್ಮೆ ಉಟ್ಟು, ಪೇಟ ಸುತ್ತಿ ಮ್ಯಾಡಿಸನ್ ಅವೆನ್ಯೂ ಉದ್ದಕ್ಕೂ ನಡೆಯುವವರಿಗೂ, ಕಾಮಿಕ್ ಕಾನ್‌ನ ಹೊರಗೆ ಫೋಮ್ ಕವಚ ತೊಟ್ಟು ಸಾಲಿನಲ್ಲಿ ನಿಲ್ಲುವವರಿಗೂ ಇದೇ ಲೆಕ್ಕ.

ಬೆವರಿನ ಲೆಕ್ಕ

ನಿಮ್ಮ ದೇಹ ಸದಾ ಶಾಖ ಉತ್ಪಾದಿಸುವ ಒಂದು ಒಲೆ. ಒಳಗಿನ ತಾಪ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ಹೊರಗೆ ತಂಪಿದ್ದರೆ ಶಾಖ ಚರ್ಮದಿಂದ ಗಾಳಿಗೆ ತಾನೇ ಹೋಗುತ್ತದೆ. ಬಿಸಿಯಲ್ಲಿ ಚರ್ಮದ ತಾಪ ಸುಮಾರು 35 ಡಿಗ್ರಿ. ಗಾಳಿಯೂ 35 ಡಿಗ್ರಿ, ಅಂದರೆ 95 ಫ್ಯಾರನ್‌ಹೀಟ್ ಮುಟ್ಟಿದರೆ ಆ ದಾರಿ ಮುಚ್ಚಿತು. ಆಗ ಉಳಿಯುವುದು ಒಂದೇ ದಾರಿ: ಬೆವರು ಆವಿಯಾಗುವುದು.

ಈ ದಾರಿ ಎಷ್ಟು ದೊಡ್ಡದು ನೋಡಿ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕೊಠಡಿಯ ತಾಪದ ಏಳು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು ಶಾಖ ಅದು. ಈಗ ಫ್ರಿಜ್‌ನಿಂದ ತೆಗೆದ ಒಂದು ಲೀಟರ್ ತಣ್ಣೀರನ್ನು ಗಟಗಟ ಕುಡಿದಿರಿ ಅನ್ನಿ. 4 ಡಿಗ್ರಿಯ ಆ ನೀರು 37 ಡಿಗ್ರಿಗೆ ಬರುವಷ್ಟರಲ್ಲಿ ನಿಮ್ಮಿಂದ ಹೀರುವುದು ಸುಮಾರು 33 ಕಿಲೊಕ್ಯಾಲರಿ ಮಾತ್ರ. ಅಂದರೆ ಕುಡಿದ ನೀರಿಗಿಂತ ಆವಿಯಾದ ಬೆವರು ಹದಿನೈದು ಪಟ್ಟಿಗೂ ಹೆಚ್ಚು ತಂಪು ಮಾಡುತ್ತದೆ.

ಹಾಗಾದರೆ ನೀರು ಕುಡಿಯುವುದು ಯಾಕೆ? ಬೆವರಿಗೆ ಬೇಕಾದ ಸರಕು ಅದೇ ಆದ್ದರಿಂದ. ನೀರಿಲ್ಲದಿದ್ದರೆ ಬೆವರಿಲ್ಲ, ಚರ್ಮಕ್ಕೆ ಶಾಖ ಹೊತ್ತು ತರುವ ರಕ್ತವೂ ಸಾಲದು. ಆದರೆ ಬೆವರು ಆವಿಯಾಗದೆ ಬಟ್ಟೆಯೊಳಗೇ ಹರಿದು ತೊಟ್ಟಿಕ್ಕಿದರೆ, ನೀರು ಖರ್ಚಾಯಿತು, ತಂಪು ಬರಲಿಲ್ಲ. ಮೆರೂನ್ ವೆಲ್ವೆಟ್‌ನ ಒಳಗೆ ಆಗಿದ್ದು ಇದೇ. ಪಾಲಿಯೆಸ್ಟರ್ ವೆಲ್ವೆಟ್, ಚರ್ಮದ ಜಾಕೆಟ್, ಪ್ಲಾಸ್ಟಿಕ್ ಅಥವಾ ಫೋಮ್ ಕವಚ, ಇವುಗಳೊಳಗಿನ ಗಾಳಿ ಬೇಗ ತೇವದಿಂದ ತುಂಬಿಹೋಗುತ್ತದೆ. ಹೊರಗೆ ಒಣ ಗಾಳಿ ಇದ್ದರೂ ನಿಮ್ಮ ಚರ್ಮದ ಮಟ್ಟಿಗೆ ಅದು ಮಂಗಳೂರಿನ ಮೇ ತಿಂಗಳು.

ಫೋನ್ ತೋರಿಸುವ ಅಂಕಿ ನಿಮ್ಮದಲ್ಲ

ಬೆಳಗ್ಗೆ ಫೋನ್ ನೋಡುತ್ತೀರಿ. "90 ಡಿಗ್ರಿ, ಪರವಾಗಿಲ್ಲ" ಅನ್ನುತ್ತೀರಿ. ಇನ್ನೂ ಮೂರು ಸಂಗತಿ ಸೇರಿಸಿ ನೋಡಿ.

ಮೊದಲನೆಯದು ತೇವ. 90 ಫ್ಯಾರನ್‌ಹೀಟ್ ತಾಪದ ಜೊತೆ ಗಾಳಿಯಲ್ಲಿ ಶೇಕಡಾ 60 ತೇವವಿದ್ದರೆ, ಅಮೆರಿಕದ ಹವಾಮಾನ ಇಲಾಖೆಯ ಹೀಟ್ ಇಂಡೆಕ್ಸ್ ಪಟ್ಟಿಯ ಪ್ರಕಾರ ಅದು ದೇಹಕ್ಕೆ 100ರಂತೆ. ಎರಡನೆಯದು ಬಿಸಿಲು. ಆ ಪಟ್ಟಿ ಮಾಡಿರುವುದು ನೆರಳಿಗೆ. ನೇರ ಬಿಸಿಲಿನಲ್ಲಿ ನಿಂತರೆ ಇನ್ನೂ 15 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಹೆಚ್ಚಬಹುದು ಎಂದು ಇಲಾಖೆಯೇ ಹೇಳುತ್ತದೆ. ಮೂರನೆಯದು ನೀವು ತೊಟ್ಟ ಬಟ್ಟೆ. ಅದು ಯಾವ ಆ್ಯಪ್‌ನಲ್ಲೂ ಇಲ್ಲ.

ಬಟ್ಟೆಯ ಲೆಕ್ಕ ಇಟ್ಟವರು ಬೇರೆ ಕಡೆ ಇದ್ದಾರೆ. 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಕೇಂದ್ರಗಳಲ್ಲಿ ಯುವಕರು ಬಿಸಿಲಿಗೆ ಕುಸಿದು ಬೀಳುತ್ತಿದ್ದರು. ಅದನ್ನು ತಡೆಯಲೆಂದು ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎಂಬ ಅಳತೆಯನ್ನು ರೂಪಿಸಿದರು. ಅದರಲ್ಲಿ ಹತ್ತು ಪಾಲಿಗೆ ಏಳು ಪಾಲು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು, ಎರಡು ಪಾಲು ಬಿಸಿಲು ಹೀರುವ ಕಪ್ಪು ಗೋಲದ್ದು, ಮಾಮೂಲಿ ತಾಪಕ್ಕೆ ಒಂದೇ ಪಾಲು. ಅಂದರೆ ಬೆವರು ಆವಿಯಾಗಬಲ್ಲದೇ ಎಂಬುದೇ ಮುಖ್ಯ ಪ್ರಶ್ನೆ. ಕಾರ್ಮಿಕರ ಸುರಕ್ಷತೆಗೆ ಇಂದು ಇದೇ ಅಳತೆಯನ್ನು ಬಳಸುವಾಗ, ಎರಡು ಪದರ ನೇಯ್ದ ಬಟ್ಟೆ ತೊಟ್ಟವರಿಗೆ 3 ಡಿಗ್ರಿ ಸೆಲ್ಸಿಯಸ್ ಕೂಡಿಸುತ್ತಾರೆ. ಆವಿಯನ್ನು ಹೊರಬಿಡದ ಪೂರ್ತಿ ಮುಚ್ಚಿದ ಸೂಟಿಗೆ 11 ಡಿಗ್ರಿ! ನಿಮ್ಮ ಕಾರ್ಸೆಟ್, ಗೌನ್, ಕೇಪ್ ಸೇರಿದರೆ ಎಷ್ಟಾಗುತ್ತದೆ, ನೀವೇ ಅಂದಾಜು ಮಾಡಿ.

ವೇಷ ಹೊಲಿಯುವಾಗಲೇ ಯೋಚಿಸಿ

ಒಳ್ಳೆಯ ಸುದ್ದಿ ಎಂದರೆ, ಹಳೆಯ ಕಾಲದವರ ಬಟ್ಟೆಯಲ್ಲೇ ಇದಕ್ಕೆ ಅರ್ಧ ಉತ್ತರ ಇದೆ. ಆ ಕಾಲದ ಯೂರೋಪಿನವರು ಮೈಗೆ ತಾಗುವಂತೆ ಲಿನನ್ ಅಂಗಿ ತೊಡುತ್ತಿದ್ದರು. ಲಿನನ್ ಬೆವರನ್ನು ಹೀರಿ, ಹರಡಿ, ಬೇಗ ಒಣಗಿಸುತ್ತದೆ. ಆದ್ದರಿಂದ ಮೈಗೆ ತಾಗುವ ಪದರ ಲಿನನ್ ಅಥವಾ ತೆಳು ಹತ್ತಿಯದಾಗಿರಲಿ. ಅಮ್ಮನ ಹಳೆಯ ಹತ್ತಿ ಸೀರೆ ಅಥವಾ ಅಜ್ಜನ ಪಂಚೆ ಮನೆಯಲ್ಲಿದ್ದರೆ, ಕೇಳಿಕೊಂಡು ಅದರಿಂದಲೇ ಒಳಅಂಗಿ ಹೊಲಿಯಿರಿ. ತೊಳೆದು ತೊಳೆದು ಮೆತ್ತಗಾದ ಹತ್ತಿಗಿಂತ ಹಿತವಾದ ಬಟ್ಟೆ ಬೇರೆ ಸಿಗಲಾರದು.

ಬಣ್ಣಕ್ಕಿಂತ ಸಡಿಲ ಮುಖ್ಯ. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುವುದು ಯಾಕೆ ಎಂದು ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಬಿಸಿ ಹೀರುತ್ತದೆ ನಿಜ. ಆದರೆ ನಿಲುವಂಗಿ ಸಡಿಲವಾಗಿದ್ದರಿಂದ ಒಳಗೆ ಗಾಳಿ ಓಡಾಡಿ, ಆ ಹೆಚ್ಚಿನ ಬಿಸಿ ಚರ್ಮ ಮುಟ್ಟುವ ಮೊದಲೇ ಹೊರಹೋಗುತ್ತಿತ್ತು. ಚರ್ಮಕ್ಕೆ ತಲುಪಿದ ಶಾಖ ಬಿಳಿ ನಿಲುವಂಗಿಯಲ್ಲೂ ಕಪ್ಪು ನಿಲುವಂಗಿಯಲ್ಲೂ ಒಂದೇ ಇತ್ತು. ಹಾಗಾಗಿ ಕಪ್ಪು ಮಾಟಗಾತಿಯ ವೇಷವೇ ಬೇಕೆಂದರೆ ತೊಡಿ, ಆದರೆ ಜೋಲಾಡುವಂತೆ ತೊಡಿ.

ಇನ್ನು ಕೆಲವು ಸಣ್ಣ ಉಪಾಯಗಳು. ತೋಳುಗಳನ್ನು ದಾರದಿಂದ ಕಟ್ಟಿ ಬಿಚ್ಚುವಂತೆ ಮಾಡಿ, ಆ ಕಾಲದಲ್ಲೂ ಹಾಗೇ ಇತ್ತು. ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿ. ಕಾರ್ಸೆಟ್ ಕಟ್ಟಿದ ಮೇಲೆ ಪೂರ್ತಿ ಉಸಿರೆಳೆದು ನೋಡಿ. ಆಗದಿದ್ದರೆ ಬಿಗಿ ಹೆಚ್ಚಾಯಿತು. ಮುಖವಾಡ, ರೋಮದ ತಲೆ, ಶಿರಸ್ತ್ರಾಣ ಇವು ಫೋಟೊಗೆ ಇರಲಿ, ನಡೆಯುವಾಗ ಕೈಯಲ್ಲಿರಲಿ. ಮತ್ತು ಮುಖ್ಯವಾದದ್ದು: ಬೇರೆಯವರ ಸಹಾಯವಿಲ್ಲದೆ ಎರಡು ನಿಮಿಷದಲ್ಲಿ ಬಿಚ್ಚಲು ಬರುವಂತೆ ಎಲ್ಲ ಗಂಟುಗಳೂ ಇರಲಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಮ್ಮೆ ಅಭ್ಯಾಸ ಮಾಡಿ.

ಶೌಚಾಲಯದ ಮಾತನ್ನೂ ಆಡಿಬಿಡೋಣ. ಉಬ್ಬು ಲಂಗ ಹಾಕಿಕೊಂಡು ಆ ಪುಟ್ಟ ಪ್ಲಾಸ್ಟಿಕ್ ಶೌಚಾಲಯಕ್ಕೆ ಹೋಗುವುದು ಕಷ್ಟ ಎಂದು ನೀರನ್ನೇ ಕುಡಿಯದೆ ದಿನ ಕಳೆಯುವವರು ಬಹಳ ಜನ, ವಿಶೇಷವಾಗಿ ಹುಡುಗಿಯರು. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಈ ಕಷ್ಟಕ್ಕೆ ಪರಿಹಾರ ಹೊಲಿಗೆಯಲ್ಲಿದೆ, ಬಾಯಾರಿಕೆಯಲ್ಲಿಲ್ಲ. ಒಂದೇ ಕೈಯಲ್ಲಿ ಎತ್ತಿ ಕಟ್ಟಬಹುದಾದ ಲಂಗ ಹೊಲಿಯಿರಿ. ಇಲ್ಲವೇ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಎಷ್ಟು ಕುಡಿಯಬೇಕು, ಏನು ಕುಡಿಯಬೇಕು?

ಬಿಸಿಲಿನಲ್ಲಿ ದುಡಿಯುವವರಿಗೆ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಷ್ ಕೊಡುವ ಸಲಹೆ ಸರಳವಾಗಿದೆ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಕಪ್, ಅಂದರೆ 8 ಔನ್ಸ್ ನೀರು. ಬಾಯಾರಿಕೆಗೆ ಕಾಯಬೇಡಿ. ಒಮ್ಮೆಗೇ ಒಂದು ಲೀಟರ್ ಸುರಿದುಕೊಳ್ಳುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಲೇಸು. ಆದರೆ ಮೇಲೊಂದು ಮಿತಿಯೂ ಇದೆ: ಗಂಟೆಗೆ 48 ಔನ್ಸ್, ಹತ್ತಿರ ಹತ್ತಿರ ಒಂದೂವರೆ ಲೀಟರ್, ಅದಕ್ಕಿಂತ ಹೆಚ್ಚು ಬೇಡ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಆಗಲೂ ತಲೆನೋವು, ವಾಂತಿ, ಗೊಂದಲ ಬರುತ್ತವೆ, ಜೀವಕ್ಕೂ ಅಪಾಯವಾಗಬಹುದು. ನಾನು ಆ ಹುಡುಗಿಗೆ ಬಾಟಲಿ ಮೇಲೆ ಬಾಟಲಿ ಕೊಟ್ಟಿದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಊಟ ಸರಿಯಾಗಿ ಮಾಡಿದರೆ ಹೆಚ್ಚಿನವರಿಗೆ ಅದು ಊಟದಿಂದಲೇ ಮರಳಿ ಬರುತ್ತದೆ. ಹಲವು ಗಂಟೆ ಬೆವರುವ ದಿನ ಸ್ವಲ್ಪ ಉಪ್ಪಿರುವ ಪಾನೀಯವೂ ಇರಲಿ. ಇಲ್ಲಿ ನಿಮ್ಮ ಮನೆಯ ಒಂದು ಸಂಗತಿ ನೆನಪಿಸುತ್ತೇನೆ. ಬಿಸಿಲು ಏರುವ ಕಾಲದಲ್ಲಿ ಬರುವ ರಾಮನವಮಿಗೆ ಕರ್ನಾಟಕದ ಬೀದಿಗಳಲ್ಲಿ ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಬೆಲ್ಲ, ನೀರು, ನಿಂಬೆ, ಶುಂಠಿ, ಏಲಕ್ಕಿ ಸೇರಿದರೆ ಪಾನಕ. ತೆಳು ಮಜ್ಜಿಗೆಗೆ ಉಪ್ಪು, ಕರಿಬೇವು ಸೇರಿದರೆ ನೀರು ಮಜ್ಜಿಗೆ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗುವ ಬಾಗಿಲುಗಳಿವೆ. ಅವೆರಡರ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಭೇದಿಯಾದವರಿಗೆ ಕೊಡುವ ಓಆರ್‌ಎಸ್ ಕೆಲಸ ಮಾಡುವುದು ಇದೇ ಬಾಗಿಲಿನಿಂದ. ಪಾನಕ ಔಷಧಿಯಲ್ಲ. ಆದರೂ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬೆಲ್ಲ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ ಹಾಕಿದರೆ ಬಿಸಿಲಿಗೆ ಒಳ್ಳೆಯ ಪಾನೀಯ. ಅಂಗಡಿಯ ಸ್ಪೋರ್ಟ್ಸ್ ಡ್ರಿಂಕ್‌ನ ಹತ್ತಿರ ಬರುತ್ತದೆ, ಸಕ್ಕರೆ ಅದಕ್ಕಿಂತ ಕಡಿಮೆ. ರುಚಿಯ ತೀರ್ಪು ನಿಮಗೇ ಬಿಟ್ಟಿದ್ದು!

ಮಜ್ಜಿಗೆಯನ್ನು ಐಸ್ ಇರುವ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ, ಬಿಸಿಗೆ ಕೆಡುತ್ತದೆ. ಜಾತ್ರೆಯ ಒಳಗೆ ಏನು ತರಬಹುದು ಎಂಬ ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ. ಬಿಡದಿದ್ದರೆ ಪೆಟ್ಟಿಗೆ ಕಾರಿನಲ್ಲಿರಲಿ, ಮಧ್ಯಾಹ್ನ ಹೊರಗೆ ಬಂದು ಕುಡಿಯಿರಿ. ಮೂತ್ರದ ಬಣ್ಣ ತೆಳು ಹಳದಿಯಾಗಿದ್ದರೆ ನೀರು ಸಾಕಷ್ಟಿದೆ. ಸೇಬಿನ ರಸದಂತೆ ಗಾಢವಾದರೆ ಸಾಲದು. 21 ದಾಟಿದವರಿಗೊಂದು ಮಾತು: ಜೇನಿನ ಮದ್ಯವಾಗಲಿ, ಬಿಯರ್ ಆಗಲಿ ನೀರಿನ ಲೆಕ್ಕಕ್ಕೆ ಸೇರುವುದಿಲ್ಲ. ಅವು ನೀರನ್ನು ಹೊರಹಾಕುತ್ತವೆ, ಮೈ ಕೊಡುವ ಎಚ್ಚರಿಕೆಯನ್ನೂ ಮರೆಸುತ್ತವೆ.

ನಿಮ್ಮ ಚೌಕಿ ಎಲ್ಲಿ?

ಯಕ್ಷಗಾನ ನೋಡಿದ್ದೀರಾ? ಕಿರೀಟ, ಎದೆಕಟ್ಟು, ಭುಜಕೀರ್ತಿ, ಪದರ ಪದರವಾಗಿ ಸುತ್ತಿದ ಬಟ್ಟೆ. ಅಷ್ಟು ಭಾರದ ವೇಷ ಕಟ್ಟಿ ಕುಣಿಯುವ ಕಲೆ ಅದು. ಸಾಂಪ್ರದಾಯಿಕ ಬಯಲಾಟ ನಡೆಯುವುದು ರಾತ್ರಿ. ರಂಗಸ್ಥಳದ ಹಿಂದೆ ಚೌಕಿ ಎಂಬ ಜಾಗ ಇರುತ್ತದೆ. ವೇಷ ಕಟ್ಟುವುದು, ಬಿಚ್ಚುವುದು, ಪ್ರವೇಶಗಳ ನಡುವೆ ಕೂತು ಸುಧಾರಿಸಿಕೊಳ್ಳುವುದು ಎಲ್ಲ ಅಲ್ಲೇ. ಇಡೀ ರಾತ್ರಿಯ ಆಟದಲ್ಲಿ ಯಾವ ವೇಷಧಾರಿಯೂ ಇಡೀ ರಾತ್ರಿ ರಂಗದ ಮೇಲೆ ಇರುವುದಿಲ್ಲ.

ನೀವು ರಾತ್ರಿಗೆ ಬದಲಾಗಿ ನಡುಹಗಲು ವೇಷ ಕಟ್ಟುತ್ತಿದ್ದೀರಿ. ಹಾಗಾಗಿ ನಿಮಗೂ ಒಂದು ಚೌಕಿ ಬೇಕು. ಒಳಗೆ ಕಾಲಿಟ್ಟ ಕೂಡಲೇ ಮೊದಲ ಕೆಲಸ ಅದನ್ನು ಹುಡುಕುವುದು: ಒಂದು ದೊಡ್ಡ ಮರದ ನೆರಳು, ಗಾಳಿ ಬೀಸುವ ಜಾಗ, ಹತ್ತಿರದಲ್ಲಿ ನೀರಿನ ನಲ್ಲಿ. ಪ್ರಥಮ ಚಿಕಿತ್ಸೆಯ ಡೇರೆ ಎಲ್ಲಿದೆ ಎಂದೂ ನೋಡಿಟ್ಟುಕೊಳ್ಳಿ. ಗಂಟೆಗೊಮ್ಮೆಯಾದರೂ ಚೌಕಿಗೆ ಬಂದು ಹತ್ತು ಹದಿನೈದು ನಿಮಿಷ ಟೋಪಿ, ತೋಳು, ಕೇಪ್ ಬಿಚ್ಚಿ ಕೂರಿ. ಪೂರ್ತಿ ಮುಚ್ಚಿದ ರೋಮದ ವೇಷವಾದರೆ ಇನ್ನೂ ಬೇಗ ಬನ್ನಿ, ಇಪ್ಪತ್ತು ಮೂವತ್ತು ನಿಮಿಷಕ್ಕೇ.

ಚೌಕಿಯಲ್ಲಿ ಮಾಡುವ ಕೆಲಸ ಮೂರು. ಒಂದು, ಮುಂಗೈಯಿಂದ ಮೊಣಕೈವರೆಗೆ ತಣ್ಣೀರಿನಲ್ಲಿ ಅದ್ದಿ ಕೂರುವುದು. ಬೆಂಕಿ ಆರಿಸುವವರು ಬಿಡುವಿನಲ್ಲಿ ಹೀಗೇ ಮಾಡುತ್ತಾರೆ. ಕೈಗಳಲ್ಲಿ ರಕ್ತನಾಳ ಹೆಚ್ಚು, ಮೈಯ ಬಿಸಿ ಅಲ್ಲಿಂದ ಬೇಗ ಇಳಿಯುತ್ತದೆ. ಎರಡು, ಕುತ್ತಿಗೆ, ತೋಳು, ಒಳಅಂಗಿಗೆ ನೀರು ಚಿಮುಕಿಸಿ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುವುದು. ನೀರಿಲ್ಲದ ಬರೀ ಬಿಸಿಗಾಳಿಯಿಂದ ಹೆಚ್ಚು ಪ್ರಯೋಜನವಿಲ್ಲ, ಒದ್ದೆ ಚರ್ಮದ ಮೇಲೆ ಬೀಸಿದರೆ ಪ್ರಯೋಜನವಿದೆ. ಮೂರು, ಕುಡಿಯುವುದು. ಹಿಂದಿನ ರಾತ್ರಿ ಬಾಟಲಿಗೆ ಅರ್ಧ ನೀರು ತುಂಬಿ ಫ್ರೀಜರಿನಲ್ಲಿ ಮಲಗಿಸಿಡಿ, ಬೆಳಗ್ಗೆ ಉಳಿದರ್ಧ ತುಂಬಿ. ಮಧ್ಯಾಹ್ನದವರೆಗೆ ತಣ್ಣಗಿರುತ್ತದೆ, ಬುಟ್ಟಿಯೊಳಗೆ ಮುಚ್ಚಿಟ್ಟರೆ 1574ನೇ ಇಸವಿಗೂ ಭಂಗವಿಲ್ಲ.

ಸಮಯವನ್ನೂ ಆರಿಸಿಕೊಳ್ಳಿ. ಬಾಗಿಲು ತೆರೆಯುವಾಗಲೇ ಹೋಗಿ ಓಡಾಟ, ಮೆರವಣಿಗೆ, ಫೋಟೊ ಎಲ್ಲ ಮುಗಿಸಿ. ಮಧ್ಯಾಹ್ನ ನೆರಳಿರುವ ನಾಟಕದ ವೇದಿಕೆಯ ಮುಂದೆ ಕೂರಿ.

ಹೊರಡುವ ಮೊದಲಿನ ಎರಡು ವಾರ

ಜಾತ್ರೆಯ ಕಲಾವಿದರು ವಾರಗಟ್ಟಲೆ ಬಿಸಿಲಲ್ಲಿ ತಾಲೀಮು ಮಾಡಿರುತ್ತಾರೆ. ನೀವು ಎಸಿ ಕೋಣೆಯಿಂದ ನೇರ ಬಂದಿರುತ್ತೀರಿ. ದೇಹ ಬಿಸಿಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ಒಗ್ಗಿದ ದೇಹ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುತ್ತದೆ. ಅದಕ್ಕೇ ಎರಡು ವಾರ ಮೊದಲಿನಿಂದ ದಿನಾ ಸಂಜೆ ಹೊರಗೆ ನಡೆದಾಡಿ, ಸ್ವಲ್ಪ ಸ್ವಲ್ಪವಾಗಿ ಹೊತ್ತು ಹೆಚ್ಚಿಸಿ.

ಕೆಲವು ಔಷಧಿಗಳು ದೇಹದ ತಂಪಿಗೆ ಅಡ್ಡಬರುತ್ತವೆ. ಎಡಿಎಚ್‌ಡಿಗೆ ಕೊಡುವ ಕೆಲವು ಮಾತ್ರೆಗಳು, ನಿದ್ದೆ ಬರಿಸುವ ಕೆಲವು ಅಲರ್ಜಿ ಮಾತ್ರೆಗಳು ಆ ಪಟ್ಟಿಯಲ್ಲಿವೆ. ನೀವಾಗಿಯೇ ನಿಲ್ಲಿಸಬೇಡಿ. ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಿ. ಜ್ವರವೋ ಭೇದಿಯೋ ಆಗಿ ಎದ್ದಿದ್ದರೆ ಈ ವಾರ ವೇಷ ಬೇಡ, ಮುಂದಿನ ವಾರವೂ ಜಾತ್ರೆ ಇರುತ್ತದೆ.

ಗೆಳೆಯರ ಮೇಲೆ ಕಣ್ಣಿಡಿ

ಈಗ ಹೇಳುವುದನ್ನು ದಯವಿಟ್ಟು ನೆನಪಿನಲ್ಲಿಡಿ. ಬಿಸಿ ತಲೆಗೇರಿದವರಿಗೆ ತಮಗೆ ಏನೋ ಆಗುತ್ತಿದೆ ಎಂದು ಗೊತ್ತಾಗದೇ ಇರಬಹುದು. ಆದ್ದರಿಂದ ಇಬ್ಬಿಬ್ಬರು ಜೊತೆಯಾಗಿ, ಒಬ್ಬರನ್ನೊಬ್ಬರು ನೋಡಿಕೊಳ್ಳಿ.

ತಲೆನೋವು, ತಲೆಸುತ್ತು, ವಾಕರಿಕೆ, ಸೆಳೆತ, ಸುಸ್ತು, ಬಿಳಿಚಿದ ಮುಖ, ವಿಪರೀತ ಬೆವರು ಇದ್ದು, ಮಾತು ಸರಿಯಾಗಿದ್ದರೆ ಅದು ಬಿಸಿಲ ಬಳಲಿಕೆ. ನೆರಳಿಗೆ ಕರೆದೊಯ್ಯಿರಿ, ವೇಷ ಬಿಚ್ಚಿ, ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಒದ್ದೆ ಮಾಡಿ, ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರು ಕೊಡಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ, ವಾಂತಿಯಾದರೆ, ವೈದ್ಯಕೀಯ ಸಹಾಯ ಬೇಕು.

ಮಾತು ತೊದಲಿದರೆ, ಗೊಂದಲವಾದರೆ, ವಿನಾಕಾರಣ ಸಿಟ್ಟು ಬಂದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿರುವ ಸ್ಥಿತಿ. ಮೈ ಒಣಗಿರಬೇಕೆಂದಿಲ್ಲ, ಓಡಾಡಿ ಬಿದ್ದವರು ಬೆವರುತ್ತಲೂ ಇರಬಹುದು. ತಕ್ಷಣ 911ಕ್ಕೆ ಕರೆ ಮಾಡಿ, ಜಾತ್ರೆಯ ಸಿಬ್ಬಂದಿಯನ್ನು ಕೂಗಿ, ಅವರು ಬರುವವರೆಗೆ ಕಾಯದೆ ತಂಪು ಮಾಡಲು ಶುರು ಮಾಡಿ. ತಣ್ಣೀರಿನ ತೊಟ್ಟಿ ಸಿಕ್ಕರೆ ತಲೆ ಮೇಲೆ ಹಿಡಿದು ಮೈಯನ್ನು ಮುಳುಗಿಸಿ. ಸಿಗದಿದ್ದರೆ ಐಸ್ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಮೈತುಂಬ ಹಾಕಿ, ಬದಲಿಸುತ್ತಲೇ ಇರಿ. ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಬಹುದು. ಜ್ವರದ ಮಾತ್ರೆ ಕೊಡಬೇಡಿ, ಇದು ಜ್ವರವಲ್ಲ. ಬಟ್ಟೆ ಕತ್ತರಿಸಬೇಕಾದರೆ ಕತ್ತರಿಸಿ. ಮೂರು ತಿಂಗಳು ಹೊಲಿದದ್ದಾದರೂ ಸರಿ.

2001ರ ಆಗಸ್ಟ್ 1ರಂದು ಮಿನೆಸೋಟ ವೈಕಿಂಗ್ಸ್ ತಂಡದ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ ತರಬೇತಿಯ ವೇಳೆ ಆದ ಹೀಟ್ ಸ್ಟ್ರೋಕ್‌ನಿಂದ ತೀರಿಕೊಂಡರು. ವಯಸ್ಸು 27. ಕಟ್ಟುಮಸ್ತಾದ ಆಳು. ಅವರ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಈಗ ಒಂದು ಸಂಸ್ಥೆಯೇ ಇದೆ. ಅವರು ಎಲ್ಲ ಶಾಲೆಗಳಿಗೂ ಹೇಳುವುದು ಒಂದೇ: ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಬೇಗ ತಂಪು ಮಾಡಿದವರು ಬದುಕುತ್ತಾರೆ.

ಆ ಹುಡುಗಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಮನೆಗೆ ಬರುವಾಗ ಕಾರಿನಲ್ಲಿ ನಾನು ಕೇಳಿದೆ, "ಯಾಕಮ್ಮಾ ಮೊದಲೇ ಹೇಳಲಿಲ್ಲ?" ಅವಳು ಅಂದಳು, "ಅಂಕಲ್, ಎಲ್ಲರೂ ಫೋಟೊ ತೆಗೀತಾ ಇದ್ರು. ಅದೂ ಅಲ್ದೆ ಕಾರ್ಸೆಟ್ ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಅರ್ಧ ಗಂಟೆ ಬೇಕು." ಅಷ್ಟೇ ಕಾರಣ. ಅರ್ಧ ಗಂಟೆ!

ಮರುವರ್ಷ ಇಬ್ಬರೂ ಮತ್ತೆ ಹೋದರು. ಈ ಸಲ ಲಿನನ್ ಅಂಗಿ, ಸಡಿಲ ಲಂಗ, ಮುಂದೆ ಕಟ್ಟುವ ದಾರ. ವೆಲ್ವೆಟ್ ಗೌನ್ ಅಕ್ಟೋಬರ್ ತಿಂಗಳ ಹ್ಯಾಲೊವೀನ್‌ಗೆ ಕಾದಿತ್ತು. ನಾನು ಈಗಲೂ ನೀರು ಕುಡೀರಿ ಅನ್ನುತ್ತೇನೆ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: "ಕೊನೆಗೆ ಚೌಕಿಗೆ ಬಂದು ಬಿಚ್ಚಿ ಕೂತಿದ್ದು ಯಾವಾಗ?" ನಿಮ್ಮ ಗೆಳೆಯರನ್ನೂ ಹೀಗೇ ಕೇಳಿ.

ಈ ಬೇಸಿಗೆಯ ಜಾತ್ರೆ ಚೆನ್ನಾಗಿ ನಡೆಯಲಿ.